ಎಕರೆ ಲೆಕ್ಕದ ಪರಿಹಾರ

ರೋಗಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ, ಬಡವ ಬಲ್ಲಿದ ಅನ್ನೋ ಭೇದ ಇಲ್ಲ. 2020ರಲ್ಲಿ ಈ ಮಾತನ್ನು ನಾವೆಲ್ಲ ಸಾಕಷ್ಟು ಕೇಳಿದೆವು. ರೋಗದ ಮಾತು ಹಾಗಿರಲಿ. ರೋಗದ ಹೆಸರಿನಲ್ಲಿ ಹಂಚಿದ ಪರಿಹಾರಕ್ಕೆ ಬಣ್ಣ ಇತ್ತು. ಅಮೆರಿಕದಂಥ ಸಿರಿವಂತ ದೇಶದ ಸರ್ಕಾರಿ ಲೆಕ್ಕವೇ ಈ ಮಾತನ್ನು ಹೇಳುತ್ತದೆ.

2020ರ ಏಪ್ರಿಲ್ 17ರಂದು ಟ್ರಂಪ್ ಸರ್ಕಾರ ಕೊರೊನಾದಿಂದ ನಷ್ಟಪಟ್ಟ ರೈತರ ಹೆಸರಿನಲ್ಲಿ 1,900 ಕೋಟಿ ಡಾಲರುಗಳ ಯೋಜನೆ ಘೋಷಿಸಿತು. ಅದರಲ್ಲಿ 1,600 ಕೋಟಿ ನೇರವಾಗಿ ರೈತರ ಕೈಗೆ, ಉಳಿದ 300 ಕೋಟಿ ಹಾಲು, ಮಾಂಸ, ತರಕಾರಿ ಕೊಂಡು ಹಂಚಲಿಕ್ಕೆ. ಅದೇ ಸೆಪ್ಟೆಂಬರಿನಲ್ಲಿ 1,400 ಕೋಟಿವರೆಗಿನ ಎರಡನೆಯ ಕಂತನ್ನೂ ಘೋಷಿಸಿತು. 2021ರ ಮಾರ್ಚಿನಲ್ಲಿ ಹೊಸ ಸರ್ಕಾರದ ಕೃಷಿ ಮಂತ್ರಿ ಟಾಮ್ ವಿಲ್‌ಸ್ಯಾಕ್ ಇದರ ಲೆಕ್ಕ ಬಿಚ್ಚಿಟ್ಟರು. ಎರಡೂ ಕಂತು ಸೇರಿ ಹಂಚಿದ್ದು ಸುಮಾರು 2,600 ಕೋಟಿ ಡಾಲರ್. ಕಪ್ಪು ರೈತರಿಗೆ ಮುಟ್ಟಿದ್ದು 2 ಕೋಟಿ 8 ಲಕ್ಷ. ಅಂದರೆ ಸಾವಿರ ಡಾಲರ್ ಹಂಚಿದ ಕಡೆ ಪೂರ್ತಿ ಒಂದು ಡಾಲರೂ ಅಲ್ಲ. 2017ರ ಕೃಷಿ ಗಣತಿಯಂತೆ ಆ ದೇಶದ ಪ್ರತಿ ಸಾವಿರ ರೈತರಲ್ಲಿ 14 ಮಂದಿ ಕಪ್ಪು ಜನ. ಬರೀ ತಲೆ ಲೆಕ್ಕ ಹಿಡಿದರೂ 14 ಡಾಲರ್ ಬರಬೇಕಿತ್ತು. ಬಂದದ್ದು ಮುಕ್ಕಾಲು ಡಾಲರ್.

ಇದನ್ನು ಯಾರು ಮಾಡಿದರು? ಯಾವನೋ ಒಬ್ಬ ಕೆಟ್ಟ ಅಧಿಕಾರಿಯ ಹೆಸರು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅರ್ಜಿಯಲ್ಲಿ ಕರಿಯರಿಗೆ ಕೊಡಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಅರ್ಜಿ ಕೇಳಿದ್ದು ಇಷ್ಟೇ: ನಿನಗೆ ಎಷ್ಟು ಎಕರೆ? ಎಷ್ಟು ದನ? ಹೋದ ವರ್ಷ ಎಷ್ಟು ಮಾರಿದೆ? ಈ ಮೂರು ಪ್ರಶ್ನೆಗಳ ಹಿಂದೆ ನೂರೈವತ್ತು ವರ್ಷದ ಚರಿತ್ರೆ ಇದೆ. ಆ ಚರಿತ್ರೆಯನ್ನು ಇಡೀ ಅಮೆರಿಕ ಸುತ್ತಿ ಹೇಳುವುದಕ್ಕಿಂತ ಒಂದು ಕೌಂಟಿಯಲ್ಲಿ ನಿಂತು ಹೇಳಿದರೆ ಅರ್ಥವಾಗುತ್ತದೆ. ಕೌಂಟಿ ಎಂದರೆ ಅಲ್ಲಿನ ರಾಜ್ಯದೊಳಗಿನ ಆಡಳಿತ ಘಟಕ; ಹಳ್ಳಿಗಾಡಿನ ಕೌಂಟಿಯಾದರೆ ಜನಸಂಖ್ಯೆಯಲ್ಲಿ ನಮ್ಮ ಒಂದು ಹೋಬಳಿಯಷ್ಟೂ ಇರಲಿಕ್ಕಿಲ್ಲ. ನಾವು ಆರಿಸಿಕೊಂಡದ್ದು ಮಿಸಿಸಿಪ್ಪಿ ರಾಜ್ಯದ ಹೋಮ್ಸ್ ಕೌಂಟಿ.

2020ರಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 17,000. ನೂರಕ್ಕೆ 80ಕ್ಕಿಂತ ಹೆಚ್ಚು ಕಪ್ಪು ಜನ. ಪಡುವಣಕ್ಕೆ ಡೆಲ್ಟಾ ಎಂದು ಕರೆಯುವ ಸಮತಟ್ಟಾದ ಫಲವತ್ತು ನೆಲ, ಮೂಡಣಕ್ಕೆ ಗುಡ್ಡಗಾಡು. ಮೂಲದಲ್ಲಿ ಇದು ಚೊಕ್ಟಾ ಜನರ ನೆಲ. ಒಪ್ಪಂದದ ಹೆಸರಿನಲ್ಲಿ ಅವರಿಂದ ಕಿತ್ತುಕೊಂಡು 1833ರಲ್ಲಿ ಕೌಂಟಿ ಮಾಡಿದರು. ಗುಲಾಮರನ್ನು ತಂದು ಹತ್ತಿ ಬೆಳೆಸಿದರು. ನೆಲ ಕಳಕೊಂಡವರ ಮೇಲೆ, ಮೈ ಕಳಕೊಂಡವರ ಕೈಯಿಂದ ಕಟ್ಟಿದ ಸಂಪತ್ತು ಇದು.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಮುಗಿಯಿತು. ಅದೇ ಜನವರಿಯಲ್ಲಿ ಜನರಲ್ ಶೆರ್ಮನ್, ಕಡಲ ದಂಡೆಯ ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಜಮೀನು ಬಿಟ್ಟುಕೊಡಲು ಆಜ್ಞೆ ಮಾಡಿದ. ಸುಮಾರು 40,000 ಜನ ಹೋಗಿ ನೆಲೆನಿಂತು ಉತ್ತು ಬಿತ್ತಿದರು. ವರ್ಷ ತುಂಬುವುದರೊಳಗೆ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ಜಮೀನನ್ನು ಹಳೆಯ ಧಣಿಗಳಿಗೇ ವಾಪಸು ಕೊಡಿಸಿದ. ಮಿಸಿಸಿಪ್ಪಿಯಲ್ಲಿ ಆ ಆಸೆಯೂ ಇರಲಿಲ್ಲ. 1865ರಲ್ಲಿ ಆ ರಾಜ್ಯದ ಶಾಸನಸಭೆ ಮಾಡಿದ ಕಾನೂನು ಕಪ್ಪು ಜನ ಪಟ್ಟಣದ ಹೊರಗೆ ಜಮೀನನ್ನು ಗೇಣಿಗೆ ಹಿಡಿಯುವುದನ್ನೂ ನಿಷೇಧಿಸಿತು. ಉಳುವುದನ್ನು ಬಿಟ್ಟರೆ ಬೇರೆ ವಿದ್ಯೆ ಕಲಿಯಲು ಬಿಡದ ಜನಕ್ಕೆ ನೆಲ ಮುಟ್ಟಬೇಡ ಅಂದರೆ ಅದರ ಅರ್ಥ ಒಂದೇ: ನನ್ನ ಹೊಲದಲ್ಲೇ ದುಡಿ.

ಹಾಗೇ ಆಯಿತು. ವಾರಕ್ಕೆ ಮಾಡುವ ಪದ್ಧತಿ ಬಂತು. ಬೀಜ ಧಣಿಯದು, ಹೇಸರಗತ್ತೆ ಧಣಿಯದು, ವರ್ಷದ ಕಾಳುಕಡಿ ಧಣಿಯ ಅಂಗಡಿಯದು, ಲೆಕ್ಕದ ಪುಸ್ತಕವೂ ಧಣಿಯದೇ. ಸುಗ್ಗಿ ಮುಗಿದ ಮೇಲೆ ಲೆಕ್ಕ ನೋಡಿದರೆ ಸಾಲ ಉಳಿದಿರುತ್ತಿತ್ತು. ನಮ್ಮ ಕಡೆ ಜೀತದ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟರ ನಡುವೆಯೂ ಕಪ್ಪು ಜನ ಕಾಸಿಗೆ ಕಾಸು ಕೂಡಿಸಿ ನೆಲ ಕೊಂಡರು. 1910ರ ಹೊತ್ತಿಗೆ ಇಡೀ ದೇಶದಲ್ಲಿ ಅವರ ಕೈಯಲ್ಲಿ ಒಂದೂವರೆ ಕೋಟಿ ಎಕರೆಗೂ ಹೆಚ್ಚು ಜಮೀನಿತ್ತು. 1920ರಲ್ಲಿ ಕಪ್ಪು ರೈತರ ಸಂಖ್ಯೆ 9 ಲಕ್ಷ 25 ಸಾವಿರ. ಇವರಲ್ಲಿ ಬಹಳಷ್ಟು ಜನ ಪಾಲಿಗೆ, ಗೇಣಿಗೆ ಉಳುವವರು. 2017ರ ಹೊತ್ತಿಗೆ ಉಳಿದವರು 48,697. ಜಮೀನು 47 ಲಕ್ಷ ಎಕರೆ.

ಇಷ್ಟು ಜನ ಎಲ್ಲಿ ಹೋದರು? ಪಟ್ಟಣ ಸೇರಿದರು, ಟ್ರ್ಯಾಕ್ಟರ್ ಬಂತು, ಕಾಲ ಬದಲಾಯಿತು ಅನ್ನುತ್ತಾರೆ ಪಂಡಿತರು. ಅದೂ ನಿಜವೇ. ಆದರೆ ಬಿಳಿಯ ಸಣ್ಣ ರೈತನಿಗೂ ಇದೇ ಕಾಲ ಬದಲಾಯಿತಲ್ಲ. ಅವನು ಇಷ್ಟು ನಿರ್ನಾಮವಾಗಲಿಲ್ಲ ಯಾಕೆ? ಇಲ್ಲಿ ಸರ್ಕಾರದ ಸಬ್ಸಿಡಿಯ ಕೈ ಕಾಣುತ್ತದೆ.

1933ರಲ್ಲಿ ಹತ್ತಿಯ ಬೆಲೆ ಕುಸಿದಿತ್ತು. ರೂಸ್‌ವೆಲ್ಟ್ ಸರ್ಕಾರ ಬೆಳೆ ಕಡಿಮೆ ಮಾಡಿದವರಿಗೆ ಹಣ ಕೊಡುವ ಕಾನೂನು ತಂದಿತು. ಆ ವರ್ಷ ಸುಮಾರು ಒಂದು ಕೋಟಿ ಎಕರೆಯಲ್ಲಿ ಬೆಳೆದು ನಿಂತ ಹತ್ತಿಯನ್ನು ಉತ್ತು ಹಾಕಿದರು. ಚೆಕ್ಕು ಬಂದದ್ದು ಜಮೀನಿನ ಒಡೆಯನ ಹೆಸರಿಗೆ. ಅವನು ಪಾಲಿಗೆ ಉಳುವವನಿಗೆ ಅವನ ಭಾಗ ಕೊಡಬೇಕು ಅನ್ನೋದು ನಿಯಮ. ಬೇಲಿಗೇ ಹೊಲ ಕಾಯಲು ಹೇಳಿದ ಹಾಗಾಯಿತು. ಎಷ್ಟೋ ಧಣಿಗಳು ಪೂರ್ತಿ ಹಣ ಇಟ್ಟುಕೊಂಡರು. ಬೆಳೆಯೇ ಕಡಿಮೆಯಾದ ಮೇಲೆ ಉಳುವವನು ಯಾಕೆ ಬೇಕು ಅಂತ ಒಕ್ಕಲೆಬ್ಬಿಸಿದರು. ಅದೇ ಹಣದಲ್ಲಿ ಟ್ರ್ಯಾಕ್ಟರ್ ತಂದರು. ಇದರ ವಿರುದ್ಧ 1934ರ ಜುಲೈನಲ್ಲಿ ಆರ್ಕನ್ಸಾಸ್ ರಾಜ್ಯದ ಟೈರೊಂಜಾ ಎಂಬ ಊರಿನಲ್ಲಿ ಬಿಳಿಯ ಮತ್ತು ಕಪ್ಪು ಗೇಣಿದಾರರು ಒಂದೇ ಸಂಘ ಕಟ್ಟಿದರು. ಹಳೆಯ ಗೇಣಿದಾರರನ್ನು ಒಡೆಯರು ಬಿಡಿಸಕೂಡದು ಅಂತ ಕೃಷಿ ಇಲಾಖೆಯೊಳಗೇ ಕೆಲವು ವಕೀಲರು ಕಾನೂನಿನ ಅರ್ಥ ಹೇಳಿದರು. 1935ರ ಫೆಬ್ರವರಿಯಲ್ಲಿ ಆ ವಕೀಲರಿಗೇ ಕೆಲಸ ಹೋಯಿತು. ಬಡವರ ಉದ್ಧಾರಕ್ಕೆ ಬಂದ ಸರ್ಕಾರವೂ ಜಮೀನ್ದಾರನ ಬಾಗಿಲಲ್ಲಿ ನಿಂತು ಕೈಮುಗಿಯಿತು.

ಆದರೆ ಅದೇ ಸರ್ಕಾರದ ಇನ್ನೊಂದು ಇಲಾಖೆ ಬೇರೆ ಕೆಲಸ ಮಾಡಿತು. ಹೋಮ್ಸ್ ಕೌಂಟಿಯ ಮೈಲ್‌ಸ್ಟನ್‌ನಲ್ಲಿ ಹಳೆಯ ಪ್ಲಾಂಟೇಶನ್‌ಗಳನ್ನು ಕೊಂಡು, 1940ರ ಸುಮಾರಿನಲ್ಲಿ ನೂರಕ್ಕೂ ಹೆಚ್ಚು ಕಪ್ಪು ಕುಟುಂಬಗಳಿಗೆ ದೀರ್ಘಾವಧಿ ಕಂತಿನ ಮೇಲೆ ಜಮೀನು ಕೊಟ್ಟಿತು. ಮನೆ, ಶಾಲೆ, ಹತ್ತಿ ಬಿಡಿಸುವ ಸಹಕಾರಿ ಗಿರಣಿ ಬಂದವು. ವಾರಕ್ಕೆ ಮಾಡುತ್ತಿದ್ದವರು ಒಡೆಯರಾದರು. ದಾನದ ಮಾತಿಲ್ಲ, ಕಂತು ಕಟ್ಟಿಯೇ ಒಡೆಯರಾದದ್ದು.

ಇದರ ಫಲ ಏನಾಯಿತು ಅನ್ನೋದು ಇಪ್ಪತ್ತು ವರ್ಷದ ಮೇಲೆ ಗೊತ್ತಾಯಿತು. 1962ರ ಆಗಸ್ಟಿನಲ್ಲಿ ಅದೇ ಡೆಲ್ಟಾದ ಸನ್‌ಫ್ಲವರ್ ಕೌಂಟಿಯಲ್ಲಿ ಫ್ಯಾನಿ ಲೂ ಹೇಮರ್ ಎಂಬ ತಾಯಿ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರು. ತಾವು ಹದಿನೆಂಟು ವರ್ಷ ದುಡಿದಿದ್ದ ಪ್ಲಾಂಟೇಶನ್ನಿನಿಂದ ಧಣಿ ಅವರನ್ನು ಹೊರಹಾಕಿದ. ಹೋಮ್ಸ್‌ಗೆ ಅಂಟಿಕೊಂಡಿರುವ ಲೆಫ್ಲೋರ್ ಕೌಂಟಿಯಲ್ಲಿ ಇನ್ನೊಂದು ಬಗೆಯ ಶಿಕ್ಷೆ. ಅಲ್ಲಿ ಕೇಂದ್ರ ಸರ್ಕಾರ ಕೊಡುತ್ತಿದ್ದ ಹಿಟ್ಟು, ಅಕ್ಕಿ, ಬೆಣ್ಣೆ ಮುಂತಾದ ಪರಿಹಾರ ಧಾನ್ಯದ ಮೇಲೆ 20,000ಕ್ಕೂ ಹೆಚ್ಚು ಬಡವರು ಚಳಿಗಾಲ ದೂಡುತ್ತಿದ್ದರು. 1962ರ ಅಕ್ಟೋಬರಿನಲ್ಲಿ ಕೌಂಟಿಯ ಆಡಳಿತ ಮಂಡಳಿ ಅದನ್ನು ನಿಲ್ಲಿಸಿತು. ಮತ ಕೇಳಿದರೆ ಅನ್ನ ಇಲ್ಲ ಅನ್ನೋದು ಅದರ ಅರ್ಥ ಎಂದು ಎಲ್ಲರಿಗೂ ತಿಳಿದಿತ್ತು. ಕೇಂದ್ರ ಕೊಟ್ಟರೂ ಕೌಂಟಿ ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ನಮ್ಮ ಗಾದೆ ಸಮುದ್ರದಾಚೆಯೂ ಸತ್ಯ.

ಮೈಲ್‌ಸ್ಟನ್ನಿನಲ್ಲಿ ಮಾತ್ರ ಈ ಎರಡು ಅಸ್ತ್ರವೂ ನಾಟಲಿಲ್ಲ. ಹೊರಹಾಕಲು ಅಲ್ಲಿ ಧಣಿ ಇರಲಿಲ್ಲ, ಹೊಟ್ಟೆಗೆ ಸ್ವಂತ ಹೊಲ ಇತ್ತು. 1963ರ ಏಪ್ರಿಲ್ 9ರಂದು 14 ಮಂದಿ ಕೌಂಟಿ ಕೇಂದ್ರವಾದ ಲೆಕ್ಸಿಂಗ್ಟನ್ನಿನ ಕೋರ್ಟುಕಟ್ಟೆಗೆ ಮತದಾರರಾಗಲು ಹೋದರು. ಮುಂದೆ ನಿಂತವರು ಹಾರ್ಟ್‌ಮನ್ ಟರ್ನ್‌ಬೋ ಎಂಬ ಸ್ವಂತ ಜಮೀನಿನ ರೈತ. ಕೆಲವೇ ವಾರಗಳಲ್ಲಿ ಅವರ ಮನೆಗೆ ಬೆಂಕಿ ಬಾಂಬು ಬಿತ್ತು. ತನ್ನ ಮನೆಗೆ ತಾನೇ ಬೆಂಕಿ ಇಟ್ಟುಕೊಂಡ ಅಂತ ಪೊಲೀಸರು ಅವರನ್ನೇ ಹಿಡಿದು ಒಳಗೆ ಹಾಕಿದರು. ಊರು ಹಿಂಜರಿಯಲಿಲ್ಲ. 1967ರಲ್ಲಿ ಇದೇ ಕೌಂಟಿ ರಾಬರ್ಟ್ ಕ್ಲಾರ್ಕ್ ಎಂಬ ಶಾಲಾಮಾಸ್ತರನ್ನು ಶಾಸನಸಭೆಗೆ ಆರಿಸಿ ಕಳಿಸಿತು. ಹತ್ತೊಂಬತ್ತನೆಯ ಶತಮಾನದ ನಂತರ ಮಿಸಿಸಿಪ್ಪಿಯ ಸಭೆಗೆ ಹೋದ ಮೊದಲ ಕಪ್ಪು ಶಾಸಕ. ಇಬ್ಬರು ಕೂರುವ ಡೆಸ್ಕಿನಲ್ಲಿ ವರ್ಷಗಟ್ಟಲೆ ಅವರೊಬ್ಬರನ್ನೇ ಕೂರಿಸಿದರು. ಈ ಮುಟ್ಟದ ರೋಗ ನಮ್ಮ ದೇಶದ್ದು ಮಾತ್ರ ಎಂದುಕೊಂಡಿದ್ದವರು ಗಮನಿಸಬೇಕು.

ನೆಲ ಮತ ಕೊಟ್ಟಿತು. ಆದರೆ ಮತ ನೆಲ ಉಳಿಸಿಕೊಡಲಿಲ್ಲ. ಯಾಕೆ? ಕೃಷಿ ಇಲಾಖೆಯ ಬೀಗದ ಕೈ ಬೇರೆ ಕಡೆ ಇತ್ತು.

ರೈತರೇ ಚುನಾಯಿಸುವ ಕೌಂಟಿ ಸಮಿತಿ ಎಂಬುದೊಂದು 1930ರ ದಶಕದಿಂದ ಬಂದಿದೆ. ಯಾರು ಎಷ್ಟು ಎಕರೆ ಹತ್ತಿ ಹಾಕಬಹುದು, ಯಾರಿಗೆ ಎಷ್ಟು ಸಬ್ಸಿಡಿ ಎಂಬುದರಲ್ಲಿ ಅದರದೇ ಕೈ. ಸಾಲ ಮಂಜೂರು ಮಾಡಲಿಕ್ಕೂ ಇಂಥದೇ ಒಂದು ಸ್ಥಳೀಯ ಸಮಿತಿ. ಕೇಳಲಿಕ್ಕೆ ಪ್ರಜಾಪ್ರಭುತ್ವ. ನಮ್ಮ ಸೊಸೈಟಿ ಎಲೆಕ್ಷನ್ ನೋಡಿದವರಿಗೆ ಒಳಗಿನದು ಗೊತ್ತು. ಮತ ಹಾಕುವ ಕಾಗದ ಯಾರ ಮನೆಗೆ ಬರುತ್ತದೆ, ಎಣಿಸುವವರು ಯಾರು, ಗೆದ್ದವರು ಯಾರ ನೆಂಟರು? 1964ರ ಡಿಸೆಂಬರಿನಲ್ಲಿ ನಾಗರಿಕ ಹಕ್ಕಿನ ಕಾರ್ಯಕರ್ತರು ಮಿಸಿಸಿಪ್ಪಿಯ ಹಲವು ಕೌಂಟಿಗಳಲ್ಲಿ ಈ ಸಮಿತಿಗಳಿಗೆ ಕಪ್ಪು ರೈತರನ್ನು ನಿಲ್ಲಿಸಿದರು. ಬೆದರಿಕೆ ಬಂತು, ಹೊಡೆತ ಬಿತ್ತು. 1965ರಲ್ಲಿ ಅಮೆರಿಕದ ನಾಗರಿಕ ಹಕ್ಕು ಆಯೋಗ ತನಿಖೆ ಮಾಡಿ, ದಕ್ಷಿಣದ ಕೃಷಿ ಕಛೇರಿಗಳಲ್ಲಿ ತಾರತಮ್ಯ ಬೇರುಬಿಟ್ಟಿದೆ ಎಂದು ವರದಿ ಕೊಟ್ಟಿತು. ಕಪ್ಪು ರೈತನ ಅರ್ಜಿ ಬಿತ್ತನೆ ಮುಗಿದ ಮೇಲೆ ಮಂಜೂರು. ಕೇಳಿದ್ದಕ್ಕಿಂತ ಕಡಿಮೆ ಮಂಜೂರು. ಇಲ್ಲವೇ ಕಸದ ಬುಟ್ಟಿಗೆ. ಬಿತ್ತನೆ ಮುಗಿದ ಮೇಲೆ ಬಂದ ಸಾಲ ಸಾಲವಲ್ಲ, ಉರುಳು. ಹಾಗೆ ಜಮೀನು ಹರಾಜಾಯಿತು. ಅದೇ ಕಾಲಕ್ಕೆ ಸನ್‌ಫ್ಲವರ್ ಕೌಂಟಿಯ ಧಣಿ, ವರ್ಣಭೇದದ ಪಟ್ಟಾಭಿಮಾನಿ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ತನ್ನ ಪ್ಲಾಂಟೇಶನ್ನಿಗೆ ವರ್ಷಕ್ಕೆ ಲಕ್ಷ ಡಾಲರಿಗೂ ಮೇಲೆ ಸಬ್ಸಿಡಿ ಎತ್ತುತ್ತಿದ್ದ. ಕೂಲಿಯವರಿಗೆ ಕೊಡುವ ಕಾಸನ್ನು ಬಿಟ್ಟಿ ಊಟ ಎಂದು ಹೀಯಾಳಿಸಿದ್ದೂ ಈ ವರ್ಗದವರೇ.

ಇದರ ಜೊತೆ ಕಾಗದದ ಕಾಟ. ಕೋರ್ಟು, ವಕೀಲರ ಮೇಲೆ ನಂಬಿಕೆ ಇಲ್ಲದ ಜನ ಉಯಿಲು ಬರೆಸದೆ ಸತ್ತರು. ನಮ್ಮಲ್ಲಿ ಪೌತಿ ಖಾತೆಯಾಗದೆ ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿನ ಹಾಗೆ ಅಲ್ಲೂ ಮೊಮ್ಮಕ್ಕಳಿಗೆಲ್ಲ ಸೇರಿದ, ಯಾರ ಹೆಸರಿಗೂ ಇಲ್ಲದ ನೆಲ ಉಳಿಯಿತು. ಹೆಸರಿನ ಕಾಗದ ಇಲ್ಲದವನಿಗೆ ಇಲಾಖೆಯ ನಂಬರು ಸಿಗದು, ನಂಬರು ಇಲ್ಲದವನಿಗೆ ಸಬ್ಸಿಡಿ ಇಲ್ಲ, ಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ. ಬೇರೆ ದಾಖಲೆ ತೋರಿಸಿಯೂ ನಂಬರು ಪಡೆಯಬಹುದು ಎಂದು ಕಾನೂನು ಸಡಿಲವಾದದ್ದು 2018ರಲ್ಲಿ.

1983ರಲ್ಲಿ ರೇಗನ್ ಸರ್ಕಾರ ಇಲಾಖೆಯೊಳಗಿನ ದೂರು ವಿಚಾರಿಸುವ ವಿಭಾಗವನ್ನೇ ಕಳಚಿಹಾಕಿತು. ದೂರುಗಳು ವರ್ಷಗಟ್ಟಲೆ ರಾಶಿ ಬಿದ್ದವು. 1997ರಲ್ಲಿ ಉತ್ತರ ಕೆರೊಲಿನಾದ ರೈತ ಟಿಮತಿ ಪಿಗ್‌ಫರ್ಡ್ ಹೆಸರಿನಲ್ಲಿ ಕಪ್ಪು ರೈತರು ಕೋರ್ಟಿಗೆ ಹೋದರು. 1999ರಲ್ಲಿ ರಾಜಿಯಾಯಿತು. 15,000ಕ್ಕೂ ಹೆಚ್ಚು ಜನಕ್ಕೆ ಪರಿಹಾರ ಬಂತು, ಹೆಚ್ಚಿನವರಿಗೆ ತಲಾ 50,000 ಡಾಲರ್. ಗಡುವು ಮೀರಿತು ಎಂದು ಹೊರಗುಳಿದವರು ಹತ್ತಾರು ಸಾವಿರ. ಅವರಿಗಾಗಿ 2010ರಲ್ಲಿ ಇನ್ನೊಂದು 125 ಕೋಟಿ ಡಾಲರಿನ ರಾಜಿ. ಹಣ ಬಂತು. ಹರಾಜಾದ ಜಮೀನು ವಾಪಸು ಬರಲಿಲ್ಲ.

ಈಗ 2020ರ ಅರ್ಜಿಗೆ ಮರಳೋಣ. ನಿನಗೆ ಎಷ್ಟು ಎಕರೆ ಎಂಬ ಪ್ರಶ್ನೆ ಈಗ ಅಷ್ಟು ಮುಗ್ಧವಾಗಿ ಕಾಣುವುದಿಲ್ಲ. ಎರಡನೆಯ ಕಂತಿನಲ್ಲಿ ಹತ್ತಿ, ಸೋಯಾ, ಮುಸುಕಿನ ಜೋಳಗಳಿಗೆ ಎಕರೆಗೆ ಕನಿಷ್ಠ 15 ಡಾಲರ್. 2017ರ ಗಣತಿಯಂತೆ ಕಪ್ಪು ರೈತರ ಹಿಡುವಳಿ ಸರಾಸರಿ 132 ಎಕರೆ. ದೇಶದ ಸರಾಸರಿ 441. ಅಮೆರಿಕದ ವ್ಯವಸಾಯದಲ್ಲಿ 132 ಎಕರೆ ಎಂದರೆ ಸಣ್ಣ ಹಿಡುವಳಿ ಅನ್ನುವುದನ್ನು ನಮ್ಮ ಓದುಗರು ನೆನಪಿಡಬೇಕು. 132 ಎಕರೆಗೆ ಆ ಕನಿಷ್ಠ ದರದಲ್ಲಿ 1,980 ಡಾಲರ್. ಡೆಲ್ಟಾದಲ್ಲಿ 5,000 ಎಕರೆ ಮಾಡುವವನಿಗೆ 75,000. ಒಬ್ಬನಿಗೆ ಗರಿಷ್ಠ ಮಿತಿ ಎರಡೂವರೆ ಲಕ್ಷ. ಮೂವರು ಪಾಲುದಾರರು ದುಡಿಯುವ ಕಂಪನಿ ಎಂದು ತೋರಿಸಿದರೆ ಏಳೂವರೆ ಲಕ್ಷ. ದನಕ್ಕೆ ತಲೆ ಲೆಕ್ಕ, ತರಕಾರಿಗೆ ಮಾರಿದ ಲೆಕ್ಕ. ಎಷ್ಟು ಇದೆಯೋ ಅಷ್ಟಕ್ಕೆ ಪರಿಹಾರ. ಪಿಡುಗಿನಲ್ಲಿ ಯಾರು ಎಷ್ಟು ಬಳಲಿದರು ಅನ್ನುವ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಒಂದು ಕಾಲಕ್ಕೆ ಎಕರೆ ಕಿತ್ತುಕೊಂಡ ಇಲಾಖೆಯೇ ಈಗ ಎಕರೆ ಎಷ್ಟು ಅಂತ ಕೇಳಿತು. ಇಲ್ಲ ಅಂದವನಿಗೆ, ಹಾಗಾದರೆ ನಿನಗೆ ನಷ್ಟವೂ ಇಲ್ಲ ಅಂದಿತು.

ಎಕರೆಯೇ ಇಲ್ಲದ ಕೂಲಿಯವನ ಪಾಡು ಕೇಳಬೇಡಿ. 2020ರ ಏಪ್ರಿಲ್ 28ರಂದು ಅಧ್ಯಕ್ಷರ ಆಜ್ಞೆಯಿಂದ ಮಾಂಸದ ಕಾರ್ಖಾನೆಗಳು ತೆರೆದೇ ಇದ್ದವು. ಐದು ದೊಡ್ಡ ಕಂಪನಿಗಳಲ್ಲೇ ಕನಿಷ್ಠ 59,000 ಕಾರ್ಮಿಕರಿಗೆ ರೋಗ ತಗುಲಿತು, 269 ಮಂದಿ ಸತ್ತರು ಎಂದು 2021ರಲ್ಲಿ ಸಂಸತ್ತಿನ ಸಮಿತಿಯೇ ಹೇಳಿತು. ಹೊಲದ ಕೂಲಿಯವರಿಗೆ, ಕಾರ್ಖಾನೆಯವರಿಗೆ ಆಮೇಲೆ ಎಂದೋ ಬಂದ ಪರಿಹಾರ ತಲಾ 600 ಡಾಲರ್, ಒಂದೇ ಸಲ. ಸನ್‌ಫ್ಲವರ್ ಕೌಂಟಿಯಲ್ಲಿ ಆರು ಮಂದಿ ಕಪ್ಪು ಕೂಲಿಕಾರರು 2021ರ ಸೆಪ್ಟೆಂಬರಿನಲ್ಲಿ ಕೋರ್ಟಿಗೆ ಹೋಗಬೇಕಾಯಿತು. ದಕ್ಷಿಣ ಆಫ್ರಿಕಾದಿಂದ ಬಿಳಿಯರನ್ನು ತಂದು ಅದೇ ಕೆಲಸಕ್ಕೆ ತಮಗಿಂತ ಹೆಚ್ಚು ಕೂಲಿ ಕೊಟ್ಟು ತಮ್ಮನ್ನು ಬಿಡಿಸಿದರು ಎಂಬುದು ಅವರ ದೂರು.

ಈ ಅನ್ಯಾಯ ಕಂಡು 2021ರ ಮಾರ್ಚಿನಲ್ಲಿ ಬೈಡನ್ ಸರ್ಕಾರದ ಕೊರೊನಾ ಪರಿಹಾರ ಕಾನೂನಿನಲ್ಲಿ ಬೇರೆ ಪ್ರಶ್ನೆಯೊಂದನ್ನು ಹಾಕಿದರು. ನಿನಗೆ ಎಷ್ಟಿದೆ ಎನ್ನುವ ಬದಲು, ನಿನ್ನ ಜನಕ್ಕೆ ಏನಾಯಿತು? ಕಪ್ಪು, ಮೂಲನಿವಾಸಿ, ಲ್ಯಾಟಿನೋ, ಏಷ್ಯನ್ ರೈತರು ಕೃಷಿ ಇಲಾಖೆಗೆ ಕೊಡಬೇಕಾದ ಸಾಲವನ್ನು ತೀರಿಸುವುದು, ಜೊತೆಗೆ ತೆರಿಗೆಗೆಂದು ಶೇಕಡಾ 20 ಸೇರಿಸಿ ಕೊಡುವುದು. ಒಟ್ಟು ಅಂದಾಜು 400 ಕೋಟಿ ಡಾಲರ್. ರೈತರಿಗೆ ಇಲಾಖೆಯಿಂದ ಕಾಗದವೂ ಬಂತು. ಸಾಲ ತೀರಿತು ಎಂದುಕೊಂಡು ಮುಂದಿನ ಬೆಳೆಗೆ ಕೈಹಾಕಿದರು.

ಬಿಳಿಯ ರೈತರು ಕೋರ್ಟಿಗೆ ಹೋದರು. ಟೆಕ್ಸಾಸ್ ರಾಜ್ಯದ ಕೃಷಿ ಕಮಿಷನರ್ ಸಿಡ್ ಮಿಲ್ಲರ್ ತಾವೇ ಒಬ್ಬ ವಾದಿಯಾಗಿ ನಿಂತರು. ಬಣ್ಣ ನೋಡಿ ಸಾಲ ತೀರಿಸುವುದು ಸಮಾನತೆಗೆ ವಿರುದ್ಧ ಎಂಬುದು ವಾದ. 2021ರ ಜೂನಿನಲ್ಲಿ ವಿಸ್ಕಾನ್ಸಿನ್, ಫ್ಲಾರಿಡಾಗಳ ನ್ಯಾಯಾಧೀಶರು ಹಣ ಕೊಡದಂತೆ ತಡೆದರು, ಜುಲೈನಲ್ಲಿ ಟೆಕ್ಸಾಸ್‌ನವರು. ಕಾನೂನಿನ ಮುಂದೆ ಸಮಾನ ರಕ್ಷಣೆ ಎಂಬ ಮಾತು ಆ ಸಂವಿಧಾನಕ್ಕೆ 1868ರಲ್ಲಿ ಸೇರಿದ್ದು ಬಿಡುಗಡೆಯಾದ ಗುಲಾಮರ ರಕ್ಷಣೆಗೆ. ಅದೇ ಮಾತನ್ನು ಅವರ ಮೊಮ್ಮಕ್ಕಳ ವಿರುದ್ಧ ಕತ್ತಿಯಾಗಿ ಬಳಸಿದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪರಿಹಾರ ಬಿಳಿಯರಿಗೇ ಹೋದ 2020ರ ಯೋಜನೆಯನ್ನು ಬಣ್ಣದ ಆಧಾರದ ಮೇಲೆ ತಡೆಯಬೇಕು ಅಂತ ಇವರು ಯಾರೂ ಕೇಳಲಿಲ್ಲ. ಅದು ಬರೀ ಎಕರೆ ಲೆಕ್ಕವಲ್ಲವೇ!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2022ರ ಆಗಸ್ಟಿನಲ್ಲಿ ಸರ್ಕಾರವೇ ಆ ಕಲಮನ್ನು ರದ್ದು ಮಾಡಿತು. ಬದಲಿಗೆ ಸಂಕಷ್ಟದಲ್ಲಿರುವ ಯಾವುದೇ ಸಾಲಗಾರರಿಗೆ 310 ಕೋಟಿ, ಸಾಲ ಕೊಡುವಾಗ ಇಲಾಖೆಯಿಂದ ತಾರತಮ್ಯ ಅನುಭವಿಸಿದವರಿಗೆ 220 ಕೋಟಿ ಇಟ್ಟಿತು. ಬಣ್ಣದ ಮಾತು ಬಿಟ್ಟು, ಅನುಭವಿಸಿದ್ದನ್ನು ಒಬ್ಬೊಬ್ಬರೂ ಬರೆದುಕೊಡಬೇಕಾಯಿತು. 2024ರ ಜುಲೈ 31ರಂದು 43,000ಕ್ಕೂ ಹೆಚ್ಚು ಜನಕ್ಕೆ ಸುಮಾರು 200 ಕೋಟಿ ಡಾಲರ್ ಹಂಚಿಕೆಯಾಯಿತು. ದೊಡ್ಡ ಪಾಲು ಮಿಸಿಸಿಪ್ಪಿ, ಅಲಬಾಮಾಗಳಿಗೆ ಬಂತು. ಇವರಲ್ಲಿ ಸುಮಾರು 20,000 ಮಂದಿ ಸಾಲ ಸಿಗದೆ ವ್ಯವಸಾಯ ಶುರುಮಾಡಲಿಕ್ಕೇ ಆಗದವರು. ಅವರಿಗೆ ಸಿಕ್ಕಿದ್ದು ತಲಾ 3,500ರಿಂದ 6,000. ಒಂದು ಜನ್ಮದ ಬೇಸಾಯದ ಬೆಲೆ ಇದು. ಇದನ್ನು ನಾವು ಹಗುರ ಮಾಡುವುದಿಲ್ಲ. ತಪ್ಪು ನಡೆದದ್ದನ್ನು ಸರ್ಕಾರದ ಚೆಕ್ಕಿನ ಮೇಲೆ ಬರೆಸಿಕೊಂಡದ್ದು ಆ ರೈತರ ದೊಡ್ಡ ಗೆಲುವು. ಆದರೆ 2025ರ ಜುಲೈನಲ್ಲಿ ಕೃಷಿ ಇಲಾಖೆ ತನ್ನ ಯೋಜನೆಗಳಲ್ಲಿ ಬಣ್ಣ, ಲಿಂಗದ ಆಧಾರದ ಹಿಂದುಳಿದ ರೈತ ಎಂಬ ವರ್ಗವನ್ನು ಇನ್ನು ಪರಿಗಣಿಸುವುದಿಲ್ಲ ಎಂದು ಸಾರಿತು. ಎರಡನೆಯ ಪ್ರಶ್ನೆ ಮತ್ತೆ ಅರ್ಜಿಯಿಂದ ಮಾಯವಾಯಿತು. ಮೊದಲನೆಯದು ಹಾಗೇ ಇದೆ.

ದೂರದ ಈ ಕಥೆ ನಮಗೆ ಯಾಕೆ ಎಂದು ಕೇಳುವವರಿಗೆ ಒಂದು ಮಾತು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಮಹಾ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅವರ ಜನ ವಿಶ್ವಸಂಸ್ಥೆಗೆ ಸಲ್ಲಿಸುತ್ತಿದ್ದ ಮನವಿಯ ಪ್ರತಿ ಕೇಳಿದರು. ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದರು. 1972ರಲ್ಲಿ ಮುಂಬೈಯ ಹುಡುಗರು ಸಂಘಟನೆ ಕಟ್ಟುವಾಗ ಕಪ್ಪು ಪ್ಯಾಂಥರರ ಹೆಸರನ್ನೇ ತಮ್ಮದು ಮಾಡಿಕೊಂಡರು. ಅವರ ಚರಿತ್ರೆ ಓದುವುದು ನಮಗೆ ಹೊಸ ಚಟವಲ್ಲ, ಹಿರಿಯರು ಹಾಕಿಕೊಟ್ಟ ರೂಢಿ.

ಹೋಮ್ಸ್ ಕೌಂಟಿಯಿಂದ ನಾವು ಕಲಿಯಬೇಕಾದ್ದು ಸ್ಪಷ್ಟವಿದೆ. ಸರ್ಕಾರ ಹಣ ಕೊಟ್ಟಿತೇ, ಇಲ್ಲವೇ ಎಂದು ಕೇಳುವುದು ಸಾಲದು. ಯಾವ ಲೆಕ್ಕದಲ್ಲಿ ಕೊಟ್ಟಿತು, ಯಾವ ಕಛೇರಿಯಿಂದ ಕೊಟ್ಟಿತು, ಆ ಕಛೇರಿಯ ಕುರ್ಚಿಯಲ್ಲಿ ಯಾರಿದ್ದರು ಎಂದು ಕೇಳಬೇಕು. ಮೈಲ್‌ಸ್ಟನ್ನಿಗೆ ಜಮೀನು ಕೊಟ್ಟದ್ದೂ ಸರ್ಕಾರದ ಹಣವೇ, ಟೈರೊಂಜಾದವರನ್ನು ಬೀದಿಗೆ ತಳ್ಳಿದ್ದೂ ಸರ್ಕಾರದ ಹಣವೇ. ಒಂದು ನೆಲವನ್ನೇ ಕೊಟ್ಟಿತು, ಇನ್ನೊಂದು ನೆಲ ಇದ್ದವನಿಗೆ ಕೊಟ್ಟಿತು. ಹಳ್ಳಿಯಲ್ಲಿ ಜನರ ಅರ್ಜಿ ತುಂಬಿಕೊಡುವ ಕೆಲಸ ಹೆಚ್ಚಾಗಿ ಮೇಷ್ಟ್ರುಗಳ ಪಾಲಿಗೇ ಬರುತ್ತದೆ. ನಮ್ಮ ಓದುಗರಲ್ಲಿ ಅಂಥವರು ಬಹಳ ಮಂದಿ. ಮುಂದಿನ ಸಲ ಪೆನ್ನು ಹಿಡಿಯುವ ಮೊದಲು ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ನೋಡಿ. ಸರ್ವೆ ನಂಬರ್ ಬರೆಯುವ ಕಾಲಂ ಎಷ್ಟನೆಯದು? ಅದು ಖಾಲಿ ಬಿಟ್ಟವನ ಅರ್ಜಿ ಎಲ್ಲಿಗೆ ಹೋಗುತ್ತದೆ? ಆ ಖಾಲಿ ಜಾಗದ ಚರಿತ್ರೆಯನ್ನು ನಮ್ಮ ಊರುಗಳಿಗೂ ನಾವೇ ಬರೆಯಬೇಕು.